ಬಟಾಣಿ ಹುಟ್ಟಿದ ತಿಂಗಳು

ಅಲ್ಲ, ನಗ್ಬೇಡಿ ನೀವು, ಬಟಾಣಿ ಅಂತ ಹೆಸರಿಟ್ಟದ್ದು ನಾನಲ್ಲ, ನಿಮ್ಮ ಅಮ್ಮ. ಆಗ ಅವಳು ಯುಕೆಜಿ... ಅಲ್ಲಲ್ಲ, ಒಂದನೇ ಕ್ಲಾಸು. ಇಲ್ಲೇ ಕುವೈತಿನ ಹವಲ್ಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ನಾನು ಆ ಕಾರು ತಂದು ನಿಲ್ಲಿಸಿದ್ದೇ ತಡ, ಇವಳು ಕಿಟಕಿಯಿಂದ ಇಣುಕಿ ಹೇಳಿದ್ದು, "ಪಪ್ಪಾ, ಬಟಾಣಿ ತರ ಉಂಟು." ಹಸಿರು ಬಣ್ಣ, ಗುಂಡಗೆ, ಆಚೆ ಈಚೆ ಇಷ್ಟುದ್ದದ ಗಾಡಿಗಳು, ನಡುವಲ್ಲಿ ಇದೊಂದು. ಅಮೆರಿಕದ ಕಾರು ಅಂದ್ರೆ ಇಲ್ಲಿ ಎಲ್ಲರಿಗೂ ಹಡಗಿನ ಹಾಗೆ ಇರ್ಬೇಕು ಅಂತ. ಇದೂ ಅಮೆರಿಕದ್ದೇ, ಆದ್ರೆ ಕಡಿಮೆ ಪೆಟ್ರೋಲ್ ಕುಡಿಯುವ ಜಾತಿ. ಪೆಟ್ರೋಲು ನೀರಿಗಿಂತ ಅಗ್ಗ ಇರುವ ಊರಲ್ಲಿ ಪೆಟ್ರೋಲ್ ಉಳಿಸುವ ಕಾರು ಯಾರಿಗೆ ಬೇಕು ಹೇಳಿ. ಯಾರಿಗೂ ಬೇಡದ ಕಾರಣ ನಮಗೆ ಸಿಕ್ಕಿತು. ಒಂದು ತಮಿಳು ಫ್ಯಾಮಿಲಿ ಊರಿಗೆ ಹೋಗ್ತಾ ಇತ್ತು, ಅವರ ಕೈಯಿಂದ ನಮ್ಮ ಕೈಗೆ. ಅಜ್ಜಿಯ ಹತ್ತಿರ ಬೇಕಾದರೆ ಕೇಳಿ, ಅಲ್ಲೇ ಕೂತು ಬೀನ್ಸ್ ಮುರೀತಾ ಇದ್ದಾಳಲ್ಲ, ತಪ್ಪಿದ್ರೆ ಅವಳೇ ಹೇಳ್ತಾಳೆ.

ಹಾ, ಎಲ್ಲಿಗೆ ಬಂದೆ. ಪೂಜೆ. ಕಾರು ಬಂದ ಮೇಲೆ ಪೂಜೆ ಆಗ್ಬೇಕಲ್ಲ. ನಮ್ಮ ಊರಲ್ಲಾದ್ರೆ ಹೂವು, ಕುಂಕುಮ, ಚಕ್ರದ ಕೆಳಗೆ ಲಿಂಬೆ, ಎಲ್ಲ ರಸ್ತೆಯಲ್ಲೇ ಮಾಡ್ತಿದ್ವಿ. ಇಲ್ಲಿ ಹಾಗೆ ಮಾಡ್ಲಿಕ್ಕೆ ಆಗ್ತದಾ. ಪರವೂರು, ನಾವು ನಮ್ಮ ಪಾಡಿಗೆ ಇರ್ಬೇಕು. ಅದಕ್ಕೆ ನಿಮ್ಮ ಅಜ್ಜಿ ಎಂತ ಮಾಡಿದ್ಲು ಗೊತ್ತುಂಟಾ, ಊರಿಂದ ತಂದ ಒಂದು ಗಣಪತಿಯ ಸ್ಟಿಕ್ಕರ್, ಅದನ್ನು ಡ್ರೈವರ್ ಬಾಗಿಲು ತೆಗೆದ್ರೆ ಒಳಗೆ ಕಾಣುವ ಕಂಬ ಉಂಟಲ್ಲ, ಅಲ್ಲಿಗೆ ಅಂಟಿಸಿದ್ಲು. ಬಾಗಿಲು ಮುಚ್ಚಿದ್ರೆ ಯಾರಿಗೂ ಕಾಣ್ಲಿಕ್ಕಿಲ್ಲ, ತೆಗೆದ್ರೆ ನನಗೆ ಮಾತ್ರ ದರ್ಶನ. ಬುದ್ಧಿವಂತೆ. ಸ್ಟಿಕ್ಕರಿನ ಗೋಂದು ಸಾಲದು ಅಂತ ಮೇಲಿಂದ ಇನ್ನೊಂದು ಗೋಂದು ಬೇರೆ ಹಾಕಿದ್ಲು. ಅಲ್ಲಿ ಮೊದಲೇ ಎಂತದೋ ಬಿಳಿ ಚೀಟಿ ಇತ್ತು. ಯಾರು ಓದ್ತಾರೆ ಅದನ್ನು.

ಈಗ ಕಷ್ಟದ ಕಥೆ ಕೇಳಿ. ನಾನು ಕೆಲಸ ಮಾಡ್ತಿದ್ದ ಕಂಪನಿ ಮುಚ್ಚಿತು. ಒಂದು ದಿನ ಬೆಳಗ್ಗೆ ಹೋದೆ, ಮ್ಯಾನೇಜರ್ ಹೇಳಿದ್ರು, ಖಲಾಸ್, ಮನೆಗೆ ಹೋಗಿ. ಖಲಾಸ್ ಅಂದ್ರೆ ಕೆಲಸ ಮಾತ್ರ ಅಲ್ಲ, ಇಕಾಮಾ, ಅಂದ್ರೆ ಈ ದೇಶದಲ್ಲಿ ಇರುವ ಪರವಾನಿಗೆ, ಅದೂ ಹೋಗ್ತದೆ, ನನ್ನ ಇಕಾಮಾ ಹೋದ್ರೆ ನಿಮ್ಮ ಅಜ್ಜಿದೂ, ಅಮ್ಮನದೂ ಹೋಗ್ತದೆ. ಅಜ್ಜಿ ಆಗ್ಲೇ ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿ ಇಟ್ಟಿದ್ಲು. ನಾನು ಎಷ್ಟೋ ಕಡೆ ಅಲೆದು ಕಡೆಗೆ ಒಬ್ಬ ಕುವೈತಿ ಕಫೀಲ್ ಸಿಕ್ಕಿದ್ರು, ಇಕಾಮಾಕ್ಕೆ ಜವಾಬ್ದಾರಿ ತಕೊಳ್ಳುವ ಧಣಿ, ಬಿಸ್ಕೆಟು, ಚಹಾಪುಡಿ ಅಂಗಡಿಗಳಿಗೆ ಹಾಕುವ ವ್ಯಾಪಾರ. ಅವರು ಕೇಳಿದ್ದು ಒಂದೇ ಮಾತು, "ಕಾರು ಉಂಟಾ?" ಉಂಟು ಅಂದೆ. "ಶನಿವಾರ ಕಾರು ತಕೊಂಡು ಬಾ, ಇಕಾಮಾ ನನ್ನ ಹೆಸರಿಗೆ ಮಾಡಿಸ್ತೇನೆ. ಕಾರು ಇಲ್ಲದಿದ್ರೆ ಬರ್ಬೇಡ, ಬೇರೆಯವ ಕಾಯ್ತಾ ಇದ್ದಾನೆ." ನಾನು ಖುಷಿಯಲ್ಲಿ ಮನೆಗೆ ಹೊರಟೆ, ಅರ್ಧ ದಾರಿಯಲ್ಲಿ ಬಟಾಣಿಯ ಬಾನೆಟಿನಿಂದ ಹೊಗೆ. ನೋಡಿ, ಜೂನ್ ತಿಂಗಳ ಬಿಸಿಲು, ರಸ್ತೆ ಬದಿಯಲ್ಲಿ ನಾನು. ಆಗ ನಿಜವಾಗಿ ಅತ್ತುಬಿಟ್ಟೆ ಮಕ್ಕಳೇ, ಸುಳ್ಳು ಯಾಕೆ ಹೇಳ್ಲಿ.

ಉಳ್ಳಾಲದ ಹಮೀದಾಕ ಇದ್ರು, ಶುವೈಖಿನಲ್ಲಿ ಗ್ಯಾರೇಜು, ಅವರು ಕಾರು ಎಳೆಸಿಕೊಂಡು ಹೋದ್ರು. ನೋಡಿ ಹೇಳಿದ್ರು, "ವಾಟರ್ ಪಂಪ್ ಹೋಗಿದೆ ಭಾಯಿ. ಹೊಸದು ಹಾಕಿದ್ರೆ ಓಡ್ತದೆ. ಆದ್ರೆ ಈ ಕಾರಿನದ್ದು ಸಿಗ್ಬೇಕಲ್ಲ." ಯಾಕೆ ಅಂದೆ. ಆಗ ಅವರು ಸ್ಟೂಲಿನ ಮೇಲೆ ಕೂತು, ಸುಲೈಮಾನಿ ಚಹಾ ಕುಡೀತಾ, ಇದರ ಜಾತಕ ಹೇಳಿದ್ರು. ಅಮೆರಿಕದಲ್ಲಿ ಒಂದು ಕಾಲದಲ್ಲಿ ಪೆಟ್ರೋಲ್ ರೇಟು ಏರಿತಂತೆ, ದೊಡ್ಡ ದೊಡ್ಡ ಗಾಡಿ ಮಾಡ್ತಿದ್ದ ಕಂಪನಿಗೆ ಗಾಬರಿ, ಅವಸರದಲ್ಲಿ ಈ ಚಿಕ್ಕದನ್ನು ಮಾಡಿದ್ರು. ಮೊದಲು ಎರಡು ಬಾಗಿಲಿನದ್ದು. ಆಮೇಲೆ ಮಕ್ಕಳು ಹತ್ತುವುದು ಹೇಗೆ ಅಂತ ಜನ ಕೇಳಿದಾಗ ನಾಲ್ಕು ಬಾಗಿಲಿನದ್ದು. ಆಮೇಲೆ ಮುಖ ಬದಲಾಯಿಸಿದ್ರು, ಚೌಕದ ಲೈಟು ಹೋಗಿ ಉರುಟು ಲೈಟು. ಆಮೇಲೆ ಏರು ಹತ್ತುವಾಗ ಇಂಜಿನ್ ಏದುಸಿರು ಬಿಡ್ತದೆ ಅಂತ ಇಂಜಿನನ್ನೇ ಬದಲಾಯಿಸಿದ್ರು. ಅಷ್ಟೊತ್ತಿಗೆ ಅಲ್ಲಿ ಪೆಟ್ರೋಲ್ ಪುನಃ ಅಗ್ಗ ಆಯ್ತು, ಜನ ಪುನಃ ದೊಡ್ಡ ಗಾಡಿಯ ಹಿಂದೆ ಹೋದ್ರು, ಫ್ಯಾಕ್ಟರಿಯಲ್ಲಿ ಇದನ್ನು ನಿಲ್ಲಿಸಿಯೇಬಿಟ್ರು. "ಬೇಕಾದಾಗ ಹೆತ್ತರು, ಬೇಡವಾದಾಗ ಬಿಟ್ಟರು," ಅಂದ್ರು ಹಮೀದಾಕ. ನನಗೆ ಆಗ ಅನಿಸಿದ್ದು, ಇದೂ ನನ್ನ ಹಾಗೆಯೇ ಅಲ್ವಾ. ಕಂಪನಿಗೆ ಬೇಕಾದಾಗ ಕರೆಸಿದ್ರು, ಬೇಡವಾದಾಗ ಖಲಾಸ್. ಆವತ್ತಿನಿಂದ ಆ ಕಾರಿನ ಮೇಲೆ ನನಗೆ ಪ್ರೀತಿ ಜಾಸ್ತಿ ಆಯ್ತು.

ಕಾರಿನ ಸಾಮಾನಿನ ಅಂಗಡಿಯ ಒಬ್ಬ ಈಜಿಪ್ಟಿನವನು ಕಾರಿನ ಕಾಗದದಲ್ಲಿದ್ದ ವರ್ಷ ನೋಡಿ ಪಂಪು ತರಿಸಿ ಕೊಟ್ಟ. ಹಮೀದಾಕ ಹಾಕಲಿಕ್ಕೆ ನೋಡ್ತಾರೆ, ಬೋಲ್ಟಿನ ತೂತು ಒಂದೂ ಕೂಡಿ ಬರುವುದಿಲ್ಲ. ಪುನಃ ಅವನ ಹತ್ತಿರ ಓಡಿದೆ. ಅವನು ಪುಸ್ತಕ ಬಿಡಿಸಿ ನೋಡಿದ, ಹಿಂದಿಯಲ್ಲಿ ಹೇಳಿದ, "ಭಾಯಿ, ಇಂಜಿನ್ ಬದಲಾಯಿಸಿದ್ದು ಇದೇ ವರ್ಷದ ನಡುವಲ್ಲಿ. ಒಂದೇ ವರ್ಷದಲ್ಲಿ ಮೂರು ತರದ ಪಂಪು ಉಂಟು. ವರ್ಷ ಸಾಲುವುದಿಲ್ಲ, ಹುಟ್ಟಿದ ತಿಂಗಳು ಬೇಕು. ದುಬೈಯಿಂದ ಬರ್ಬೇಕು, ಇವತ್ತು ಹೇಳಿದ್ರೆ ಶುಕ್ರವಾರ ಸಿಗ್ತದೆ, ತಪ್ಪು ಹೇಳಿದ್ರೆ ನಾನು ಜವಾಬ್ದಾರ ಅಲ್ಲ." ತಿಂಗಳು ಎಲ್ಲಿ ನೋಡುವುದು ಅಂದೆ. ಅವನು, "ಡ್ರೈವರ್ ಬಾಗಿಲು ತೆಗಿ, ಒಳಗೆ ಕಂಬದಲ್ಲಿ ಬಿಳಿ ಚೀಟಿ ಉಂಟಲ್ಲ, ಅದರಲ್ಲಿ ಬರೆದಿರ್ತದೆ."

ಗ್ಯಾರೇಜಿಗೆ ಬಂದು ಬಾಗಿಲು ತೆಗೆದ್ರೆ ಗಣಪತಿ.

ಹೌದು, ನಗಿ ಈಗ, ಆಗ ನನಗೆ ನಗು ಬರ್ಲಿಲ್ಲ. ಹಮೀದಾಕನ ಕೈಯಲ್ಲಿ ಬ್ಲೇಡ್ ಇತ್ತು. ಅದನ್ನು ಮೆಲ್ಲ ಕೆಳಗಿಟ್ರು. "ಭಾಯಿ, ಇಂಜಿನ್ ಬೇಕಾದ್ರೆ ಪೂರ್ತಿ ಬಿಚ್ಚಿ ಕೊಡ್ತೇನೆ, ಇದಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ನಿಮ್ಮ ದೇವರು, ನಿಮ್ಮ ಹೆಂಡ್ತಿ." ನಾನೂ ಹಾಕ್ಲಿಲ್ಲ. ಹೆದರಿಕೆ. ಕಿತ್ತರೆ ಕೆಳಗಿನ ಚೀಟಿಯೂ ಹರಿದು ಬಂದ್ರೆ? ಮತ್ತೆ, ಇನ್ನೊಂದು ಹೆದರಿಕೆ, ಅದನ್ನು ಬಾಯಿಬಿಟ್ಟು ಹೇಳ್ಲಿಲ್ಲ, ಇಂಥ ಸಮಯದಲ್ಲಿ ಗಣಪತಿಯನ್ನೇ ಕಿತ್ತು ತೆಗೆದ್ರೆ ಹೇಗೆ. ಮನೆಗೆ ಫೋನ್ ಮಾಡಿದೆ. ನಿಮ್ಮ ಅಜ್ಜಿ ಆ ಕಡೆಯಿಂದ, "ಯಾರೂ ಮುಟ್ಬೇಡಿ, ನಾನು ಬರ್ತೇನೆ," ಅಂತ ಫೋನ್ ಇಟ್ಲು.

ಬಂದ್ಲು, ಟ್ಯಾಕ್ಸಿಯಲ್ಲಿ, ಮಗಳ ಕೈ ಹಿಡ್ಕೊಂಡು, ಬ್ಯಾಗಿನಲ್ಲಿ ತೆಂಗಿನೆಣ್ಣೆಯ ಬಾಟ್ಲಿ. ಆ ಗ್ಯಾರೇಜು ಸಾಲಿಗೆ ಹೆಂಗಸರು ಬರುವುದೇ ಇಲ್ಲ, ಎಲ್ಲ ಕೆಲಸ ನಿಲ್ಲಿಸಿ ನೋಡ್ತಾರೆ. ಇವಳು ಯಾರನ್ನೂ ನೋಡ್ಲಿಲ್ಲ. ಮಂಡಿಯೂರಿ ಕೂತು, ಅರಿವೆಗೆ ಎಣ್ಣೆ ಹಾಕಿ, ಸ್ಟಿಕ್ಕರಿನ ಅಂಚಿಗೆಲ್ಲ ಒತ್ತಿ ಒತ್ತಿ ಹಚ್ಚಿದ್ಲು. ಸ್ವಲ್ಪ ಕಾದ್ಲು. ಪುನಃ ಹಚ್ಚಿದ್ಲು. ಬಾಯಲ್ಲಿ ಎಂತದೋ ಹೇಳ್ತಾ ಇದ್ಲು, ನಾನು ಮಂತ್ರ ಅಂತ ಎಣಿಸಿದ್ದು, ಹತ್ತಿರ ಹೋಗಿ ಕೇಳಿದ್ರೆ, "ಸ್ವಲ್ಪ ಆಚೆ ಸರೀರಿ ಸ್ವಾಮಿ, ನಮಗೆ ಕೆಲಸ ಉಂಟು, ಆಮೇಲೆ ನಿಮಗೆ ಒಳ್ಳೆ ಜಾಗ ಕೊಡ್ತೇನೆ." ನೆಂಟರ ಹತ್ತಿರ ಹೇಳ್ತಾರಲ್ಲ, ಹಾಗೆ. ಉಗುರಿನಲ್ಲಿ ಒಂದು ಮೂಲೆ ಎಬ್ಬಿಸಿದ್ಲು, ಮತ್ತೆ ದೋಸೆ ಎಬ್ಬಿಸುವ ಹಾಗೆ ಮೆಲ್ಲ ಮೆಲ್ಲ. ಗಣಪತಿ ಇಡಿಯಾಗಿ ಅವಳ ಅಂಗೈಗೆ ಬಂದ. ಕೆಳಗಿನ ಚೀಟಿಯ ಒಂದು ಮೂಲೆ ಹೋಯ್ತು, ಆದ್ರೆ ಬೇಕಾದದ್ದು ಉಳಿದಿತ್ತು. ಓದಿದ್ದು ನಿಮ್ಮ ಅಮ್ಮ. ಆಗಷ್ಟೇ ಅಂಕೆ ಕಲ್ತದ್ದಲ್ವಾ, ಗಟ್ಟಿಯಾಗಿ, "ಸೊನ್ನೆ, ಮೂರು." ಮಾರ್ಚ್. ಇಡೀ ಗ್ಯಾರೇಜಿಗೆ ಗೊತ್ತಾಯ್ತು ಬಟಾಣಿ ಮಾರ್ಚಿನಲ್ಲಿ ಹುಟ್ಟಿದ್ದು ಅಂತ.

ಶುಕ್ರವಾರ ಪಂಪು ಬಂತು, ಕೂಡಿತು. ಶನಿವಾರ ಕಫೀಲಿನ ಮುಂದೆ ಹೋಗಿ ನಿಲ್ಲಿಸಿದೆ. ಅವರು ಒಂದು ಸುತ್ತು ಬಂದು ನೋಡಿದ್ರು, ಹೊಟ್ಟೆ ಹಿಡ್ಕೊಂಡು ನಕ್ಕರು, "ಇದು ಕಾರಾ, ಕಾರಿನ ಮರಿಯಾ?" ಓಡ್ತದೆ ಸಾರ್ ಅಂದೆ. "ಯಲ್ಲಾ, ಹೊರಡು, ಬಿಸ್ಕೆಟ್ ಹಾಕು," ಅಂದ್ರು. ಅಷ್ಟೇ. ಅಜ್ಜಿ ಸೂಟ್‌ಕೇಸನ್ನು ಪುನಃ ಕಪಾಟಿನ ಮೇಲೆ ಹಾಕಿದ್ಲು. ಸಾಲ್ಮಿಯಾದಿಂದ ಮಹಬೂಲಾದವರೆಗೆ ಎಲ್ಲ ಬಕಾಲಾ ಅಂಗಡಿಗಳಿಗೆ ಬಿಸ್ಕೆಟ್ ಹಾಕಿದ್ದು ಅದೇ ಬಟಾಣಿಯಲ್ಲಿ. ನಿಮ್ಮ ಅಮ್ಮ ಡ್ರೈವಿಂಗ್ ಕಲ್ತದ್ದೂ ಅದರಲ್ಲೇ.

ಎಂತ? ಹೌದು, ನಮ್ಮ ಅಡಿಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಇದ್ದಾನಲ್ಲ ಗಣಪತಿ, ಎಣ್ಣೆ ಕಲೆ ಇರುವವನು, ಅವನೇ. ಡಬ್ಬದ ಮೇಲೆ ಎಂತದೂ ಬರ್ದಿಲ್ಲ ಅಂತ ನಾಲ್ಕು ಕಡೆಯೂ ನೋಡಿಯೇ ಅಂಟಿಸಿದ್ದು ನಿಮ್ಮ ಅಜ್ಜಿ, ಕೇಳಿ ಬೇಕಾದ್ರೆ. ಅದಕ್ಕೇ ಹೇಳುವುದು, ದೇವರನ್ನು ಎಲ್ಲಿ ಬೇಕಾದ್ರೂ ಅಂಟಿಸಿ ಮಕ್ಕಳೇ, ಮೊದಲು ಕೆಳಗೆ ಎಂತ ಬರ್ದಿದೆ ಅಂತ ಓದಿ. ಏಳಿ, ಬೀನ್ಸ್ ಆಯ್ತು, ಅಜ್ಜಿಗೆ ಪಾತ್ರೆ ತಂದು ಕೊಡಿ.