ಬಾಲದ ಮೇಲಿನ ಕೆಂಪು ಬಣ್ಣ

ನ್ಯೂಜಿಲೆಂಡಿನ ತಾರಾನಾಕಿಯ ಪಶುವೈದ್ಯರ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಗಂಡಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಗರ್ಭ ಪರೀಕ್ಷೆಗೆ ಬರೆದ ಹಸುಗಳ ಪಟ್ಟಿ.

“ಕ್ಲೋವರ್ ಹೆಸರು ಯಾಕೆ ಬರೆದೆ, ಗ್ರೇಮ್? ಬೆದೆಗೆ ಬಂದಿದ್ರೆ ಬೇರೆ ಹಸುಗಳು ಮೈಮೇಲೆ ಹತ್ತಿ, ಬೆದೆ ಗೊತ್ತಾಗ್ಲಿ ಅಂತ ಬಾಲದ ಬುಡಕ್ಕೆ ಬಳಿದ ಬಣ್ಣ ಉಜ್ಜಿಹೋಗ್ತಿತ್ತು. ಹಾಗೇ ಇದೆಯಲ್ಲ, ಗಬ್ಬ ನಿಂತಿದೆ ಅಂತ ತಾನೇ!”

“ಕ್ರಿಸ್ಮಸ್ ದಿನ ಉಜ್ಜಿಹೋಗಿತ್ತು ಕಣೇ. ಸಂಜೆಗೆ ಮತ್ತೆ ಕೆಂಪಗಿತ್ತು.”

“ನಾನೇ ಬಳಿದೆ. ಗಬ್ಬ ನಿಂತಿಲ್ಲ ಅಂದ್ರೆ ಕಟುಕರ ಲಾರಿ ಹತ್ತಿಸ್ತೀಯ. ನಮ್ಮ ಮಗಳು ಬ್ರಯೋನಿ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕರು ಅದು. ಅವಳು ಸತ್ತು ಎರಡು ವರ್ಷ. ಅದು ಈಗಲೂ, ರಜೆಯಲ್ಲೂ, ಅವಳ ಶಾಲೆ ಬಸ್ಸು ಬರೋ ಮೂರೂವರೆ ಹೊತ್ತಿಗೆ ಗೇಟಿಗೆ ಬಂದು ನಿಲ್ಲುತ್ತೆ.”

“ಹೋದ ವಾರ ಮತ್ತೆ ಉಜ್ಜಿಹೋಗಿತ್ತು.”

“ನಾನು ನೋಡಲೇ ಇಲ್ಲ. ಆಮೇಲೆ ಬಳಿದೋರು ಯಾರು?”

“ನಾನು.”

ಕೌಂಟರಿನವಳು ಕರೆದಳು. ಆತ ಪೆನ್ನು ಕೇಳಿ ಒಂದು ಹೆಸರು ಹೊಡೆದುಹಾಕಿ, ಪಟ್ಟಿ ಕೊಟ್ಟ. ಹೆಂಡತಿ ಗಡಿಯಾರ ನೋಡಿದಳು.

“ಮೂರಾಯ್ತು, ನಡಿ. ಗೇಟಲ್ಲಿ ಕಾಯ್ತಿರುತ್ತೆ.”