ಮತ್ತೆ ತರಿಸಿಕೊಳ್ಳುವಂಥದ್ದು

ಗಂಟಲು ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲೇ ಅಕ್ಕ-ತಮ್ಮ ಇಬ್ಬರು ಕೂತಿದ್ದರು. ಅವರ ತಂದೆ ಒಳಗಿದ್ದರು. ತಂದೆಯ ಫೋನು ತಮ್ಮನ ಕೈಯಲ್ಲಿತ್ತು.

“ಆಪರೇಷನ್‌ಗೆ ಮುಂಚೆ ಅಪ್ಪ ಮೊಮ್ಮಗಳಿಗೆ ಅಂತ ಫೋನಲ್ಲಿ ರೆಕಾರ್ಡ್ ಮಾಡಿಟ್ಟ ಕಥೆಗಳು ಕಣೋ. ಅಷ್ಟೂ ಹೋಯ್ತಾ?”

“ಫೋನ್ ತುಂಬಿದೆ ಅಂತ ಬಂತಕ್ಕ. ತಾತ್ಕಾಲಿಕ ಫೈಲ್ ಅಳಿಸಲಾ ಅಂತ ಕೇಳ್ತು. ತಾತ್ಕಾಲಿಕ ತಾನೇ ಅಂತ ಹೂಂ ಅಂದೆ.”

“ಅಪ್ಪನ ಧ್ವನಿ ತಾತ್ಕಾಲಿಕನಾ?”

“ಆ ಆ್ಯಪ್ ಅದನ್ನ ಕ್ಯಾಶ್‌ನಲ್ಲಿ ಇಟ್ಟಿತ್ತಂತೆ.”

“ದುಡ್ಡಿನ ಜೊತೇಲಾ?”

“ಆ ಕ್ಯಾಶ್ ಅಲ್ಲ. ಯಾವಾಗ ಬೇಕಾದ್ರೂ ಗುಡಿಸಿ ಹಾಕೋ ಜಾಗ.”

“ಗುಡಿಸೋ ಜಾಗದಲ್ಲಿ ಬೇಕಾಗಿರೋದನ್ನ ಯಾರಾದ್ರೂ ಇಡ್ತಾರೇನೋ?”

“ಇಡಬಾರದು. ರಿಪೇರಿ ಅಂಗಡಿಯವನೂ ತಲೆ ಚಚ್ಕೊಂಡ. ಮೂಲದಿಂದ ಮತ್ತೆ ತರಿಸ್ಕೊಳ್ಳೋಕೆ ಆಗೋವಂಥದ್ದನ್ನ ಮಾತ್ರ ಅಲ್ಲಿಡಬೇಕಂತೆ.”

“ಮೂಲ ಅಂದ್ರೆ?”

“ಅದು ಎಲ್ಲಿಂದ ಬಂತೋ ಅದು.”

ಅಕ್ಕ ಡಾಕ್ಟರ ಬಾಗಿಲಿನ ಕಡೆ ತಿರುಗಿದಳು.

“ಅಪ್ಪಂಗೆ ಹೇಳಿದ್ಯಾ?”

“ನೀನೇ ಹೇಳಕ್ಕ.”

“ನನ್ ಕೈಲಾಗಲ್ಲಪ್ಪ.”

ಬಾಗಿಲು ತೆರೆಯಿತು. ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡ ಹಿರಿಯರು ಹೊರಬಂದರು. ಅಭ್ಯಾಸಬಲದಿಂದ ಮಾತಿಗೆ ಬಾಯಿ ತೆರೆದವರು, ಧ್ವನಿಯೇ ಹೊರಡದೆ ಮುಚ್ಚಿಕೊಂಡರು. ಆಮೇಲೆ ಫೋನಿನತ್ತ ಬೆರಳು ತೋರಿಸಿ, ಅದೇ ಬೆರಳನ್ನು ಕಿವಿಗೆ ಮುಟ್ಟಿಸಿ ನಕ್ಕರು.

“ಬ್ಯಾಟರಿ ಮುಗಿದಿದೆ ಅಪ್ಪ,” ಎಂದ ಮಗ. “ಮನೆಗೆ ಹೋಗಿ ಕೇಳೋಣ.”

ಮಗಳು ತಂದೆಯ ತೋಳು ಹಿಡಿದಳು. ಮೂವರೂ ಮೆಟ್ಟಿಲ ಕಡೆ ನಡೆದರು. ಬೆನ್ನ ಹಿಂದೆ ಕಟ್ಟಿಕೊಂಡ ಮಗನ ಕೈಯಲ್ಲಿ ಫೋನು ಬೆಳಗುತ್ತಲೇ ಇತ್ತು.