ನಾಲ್ಕು ಸಲ ಗುದ್ದಿದ ಕಂಬ

ಡ್ರೈವಿಂಗ್ ಪರೀಕ್ಷೆಯ ಮೈದಾನದಂಚಿನ ಬೆಂಚಿನಲ್ಲಿ, ಲೈಸೆನ್ಸ್ ನವೀಕರಣಕ್ಕೆ ಬಂದಿದ್ದ ವಿಜ್ಞಾನದ ಮೇಷ್ಟ್ರು ಪತ್ರಿಕೆ ಓದುವಂತೆ ಕೂತಿದ್ದರು. ಕಿವಿ ಮಾತ್ರ ಪಕ್ಕದಲ್ಲಿದ್ದ ಅಕ್ಕ-ತಮ್ಮನ ಕಡೆಗಿತ್ತು.

“ಇಲ್ಲಿ ನಾಲ್ಕು ಸಲ ಟೆಸ್ಟ್ ಕೊಟ್ಟೆ, ನಾಲ್ಕು ಸಲವೂ ರಿವರ್ಸ್ ತಗೊಳ್ಳುವಾಗ ಅದೇ ಕಂಬಕ್ಕೆ ಗುದ್ದಿದೆ. ಇದು ಹಣೆಬರಹ ಅಲ್ದೆ ಇನ್ನೇನಕ್ಕಾ?”

“ನಿನ್ನ ಹಣೇಲಿ ಏನೂ ಇಲ್ಲ ಕಣೋ. ಬರೆದಿರೋದೆಲ್ಲ ನನ್ನ ಕಾರಿನ ಹಿಂಭಾಗದಲ್ಲಿದೆ.”

“ಸೋಮವಾರ ಬೇಕರಿ ವ್ಯಾನಿನ ಕೆಲಸಕ್ಕೆ ಸೇರ್ಬೇಕು. ಇವತ್ತೂ ಫೇಲಾದ್ರೆ ಅದೂ ಹೋಯ್ತು.”

“ಹಿಂದೆ ತಿರುಗಿ ನೋಡ್ಕೊಂಡು ಓಡ್ಸು.”

“ನೋಡಿದ್ರೆ ಆ ಕಂಬ ಕಾಣುತ್ತಲ್ಲ, ಭಯ ಆಗುತ್ತೆ. ಅದಕ್ಕೇ ಕಣ್ಮುಚ್ಕೋತೀನಿ.”

ಮೇಷ್ಟ್ರಿಗೆ ಕೆಮ್ಮು ಬಂತು.

“ಕಣ್ಮುಚ್ಕೊಂಡು ಗುದ್ದಿ, ಆಮೇಲೆ ವಿಧೀನ ಬೈತೀಯಾ?”

“ವಿಧಿ ಬೇಜಾರು ಮಾಡ್ಕೊಳ್ಳಲ್ಲಕ್ಕಾ. ಪರೀಕ್ಷೆ ಮಾಡೋ ಸಾಹೇಬ್ರನ್ನ ಬೈದ್ರೆ ಮಾಡ್ಕೋತಾರೆ.”

ಅಷ್ಟರಲ್ಲಿ ಅವನ ಸರದಿ ಬಂತು. ಎದ್ದವನು ಮೈದಾನದ ಕಡೆ ನೋಡಿ ಅಲ್ಲೇ ನಿಂತುಬಿಟ್ಟ.

“ಅಕ್ಕಾ, ಆ ಕಂಬಾನೇ ಕಿತ್ತುಹಾಕಿದ್ದಾರೆ!”

“ಒಳ್ಳೇದೇ ಆಯ್ತಲ್ಲೋ.”

“ಏನು ಒಳ್ಳೇದು? ಈಗ ಫೇಲಾದ್ರೆ ಯಾರನ್ನ ಬೈಲಿ?”

“ನಾನಿಲ್ವಾ? ನಡಿ, ನಡಿ.”

ಅಕ್ಕ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಕಂಬವಿದ್ದ ಜಾಗದಿಂದ ತಾವು ಕೂತಿದ್ದ ಬೆಂಚಿನವರೆಗೆ ಈಗ ಅಡ್ಡ ಏನೂ ಇಲ್ಲವೆಂಬುದನ್ನು ಮೇಷ್ಟ್ರು ಒಮ್ಮೆ ಅಂದಾಜು ಮಾಡಿದರು. ಆಮೇಲೆ ಎದ್ದು, ಬೆಂಚನ್ನು ಪಕ್ಕದ ಕಚೇರಿಯ ಗೋಡೆಯ ಮರೆಗೆ ಎಳೆದುಕೊಂಡರು.